ಗಂಡಸರಿಗೆ ಆರು ಮನೆ, ಹೆಂಗಸರಿಗೂ ಆರು ಮನೆ

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ಹಾಡಿದೆವು. ಮಾರನೆಯ ದಿನ ಯಾರೋ ಅದರ ರೆಕಾರ್ಡಿಂಗ್ ಅನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರು. ನಾನು ಅಡುಗೆಮನೆಯಲ್ಲಿ ನಿಂತೇ ಕೇಳಿದೆ. ಹಾಡಿದ್ದು 22 ಜನ, ಕೇಳಿಸಿದ್ದು ನಾಲ್ಕು ಜನ. ಆ ನಾಲ್ವರಲ್ಲಿ ನಾನೂ ಒಬ್ಬಳು. ಎರಡನೇ ಚರಣ ಮುಗಿಯುವಷ್ಟರಲ್ಲಿ ನನ್ನ ದನಿ ಹಾರ್ಮೋನಿಯಂಗಿಂತ ಕೆಳಗೆ ಜಾರಿತ್ತು. ಹಾರ್ಮೋನಿಯಂ ಬಾರಿಸುತ್ತಿದ್ದವಳೂ ನಾನೇ!

ನಮ್ಮದು ಮೈಸೂರಿನ ಕುವೆಂಪುನಗರದ ಸಣ್ಣ ಗುಂಪು. ಭಾವಗೀತೆ, ದೇವರನಾಮ, ಜಾನಪದ ಎಲ್ಲ ಹಾಡುತ್ತೇವೆ. ಬ್ಯಾಂಕಿನವರು, ಮೇಷ್ಟ್ರುಗಳು, ಗೃಹಿಣಿಯರು, ಇಬ್ಬರು ಕಾಲೇಜು ಹುಡುಗಿಯರು, ಮಂಡ್ಯ ಕಡೆಯ ಒಬ್ಬ ನಿವೃತ್ತ ಕಂಡಕ್ಟರ್ ಇದ್ದಾರೆ. ನನ್ನ ಸಂಗೀತ ಜೂನಿಯರ್ ಪರೀಕ್ಷೆಗೇ ನಿಂತದ್ದು. ಮನೆಯಲ್ಲಿ ಹಾರ್ಮೋನಿಯಂ ಇತ್ತು ಅನ್ನೋ ಒಂದೇ ಕಾರಣಕ್ಕೆ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಜಮಖಾನ ಮಡಚಿಟ್ಟೆವು. ಕೆಳಗೆ ಕೂತರೆ ಎಲ್ಲರೂ ಸಾಹಿತ್ಯದ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ಹಾಡುತ್ತಿದ್ದರು. ಗದ್ದ ಎದೆಗೆ ತಾಗಿದರೆ ದನಿ ಎಲ್ಲಿಂದ ಬರಬೇಕು? ಒಂದು ತಿಂಗಳು ನಿಂತು ಹಾಡಿದೆವು, ಹಾಳೆ ಕಣ್ಣಿನ ಮಟ್ಟಕ್ಕೆ. ಮಂಡಿ ನೋವಿನವರಿಗೆ ಕುರ್ಚಿ, ಆದರೆ ಬೆನ್ನು ಒರಗಿಸುವ ಹಾಗಿಲ್ಲ. ವಿದ್ವಾಂಸರು ಚಕ್ಕಳಮಕ್ಕಳ ಹಾಕಿ ಕೂತು ಮೂರು ಗಂಟೆ ಹಾಡುತ್ತಾರಲ್ಲ ಎಂದು ಒಬ್ಬರು ವಾದಕ್ಕೆ ನಿಂತರು. ನಿಜ, ಆದರೆ ಅವರು ಬೆನ್ನು ನೆಟ್ಟಗೆ ಇಟ್ಟುಕೊಂಡಿರುತ್ತಾರೆ, ಮಡಿಲಲ್ಲಿ ಜೆರಾಕ್ಸ್ ಹುಡುಕುತ್ತಾ ಕೂತಿರುವುದಿಲ್ಲ.

ಆಮೇಲೆ ಶುರುವಾಯಿತು ಶ್ರುತಿಯ ಜಗಳ. ಮನೆ ಅಂದರೆ ಷಡ್ಜ, ಅಂದರೆ ಹಾಡಿನ 'ಸ', ಯಾವ ಎತ್ತರದಲ್ಲಿ ಇರಬೇಕು ಎಂದು ಹೇಳುವ ಹಾರ್ಮೋನಿಯಂ ಕೀಲಿಯ ಲೆಕ್ಕ. ಹೆಂಗಸರಿಗೆ ಐದು ಮನೆ ಹಿತ, ಗಂಡಸರಿಗೆ ಒಂದು ಮನೆ. ಒಂದು ಮನೆಯಲ್ಲಿ ಹಾಡಿದರೆ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಗಾಂಧಾರ ಬಂದಾಗ ನಮ್ಮ ಹೆಂಗಸರು ಕಿರುಚಬೇಕು. ಹೆಂಗಸರ ಐದು ಮನೆ ಒಂದು ಮನೆಗಿಂತ ಕೆಳಗಿನದು; ಅದಕ್ಕೆ ಇಳಿಸಿದರೆ, ಒಂದು ಸ್ಥಾಯಿ ಕೆಳಗೆ ಹಾಡುವ ಗಂಡಸರು ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಸಾಲಿನಲ್ಲಿ ಗಾಳಿ ಮಾತ್ರ ಬಿಡುತ್ತಾರೆ. ನಮ್ಮ ಕಂಡಕ್ಟರ್ ಸಾಹೇಬರು ಒಂದು ಭಾನುವಾರ ಕೇಳಿಯೇಬಿಟ್ಟರು: "ಏನ್ ಮೇಡಂ, ಗಂಡಸ್ರು ಸುಮ್ನೆ ಬಾಯಾಡಿಸ್ಕೊಂಡ್ ನಿಂತ್ಕೊಳದಾ?"

ಎರಡು ವಾರ ಒಂದೊಂದೇ ಮನೆ ಏರಿಸಿ ಇಳಿಸಿ ನೋಡಿದೆವು. ಕೊನೆಗೆ ಆರು ಮನೆಗೆ ಬಂದು ನಿಂತೆವು. ಅಲ್ಲಿ ತಾರದ ಗಾಂಧಾರ ಹೆಂಗಸರಿಗೆ ಸ್ವಲ್ಪ ಕಷ್ಟ, ಅಸಾಧ್ಯವೇನಲ್ಲ. ಇನ್ನು ಮಂದ್ರದ ಪಂಚಮ. ಅದಕ್ಕೆ ಉಪಾಯ ಸಿಕ್ಕಿದ್ದು ಆಕಸ್ಮಿಕವಾಗಿ. ಆ ಸಾಲು ಬಂದಾಗ ಗಂಡಸರಲ್ಲಿ ಒಬ್ಬರು ತಪ್ಪಿ ಹೆಂಗಸರ ಸ್ಥಾಯಿಗೇ ಹತ್ತಿಬಿಟ್ಟರು. ಕೇಳಿದರೆ, ಆಹಾ, ಎಷ್ಟು ಚೆನ್ನಾಗಿದೆ! ಹೆಂಗಸರಿಗೆ ಬಾವಿಯ ತಳ ಆಗಿರುವ ಜಾಗ ಗಂಡಸರಿಗೆ ನಡುಮನೆ. ಈಗ ಮಂದ್ರದ ಸಾಲುಗಳೆಲ್ಲ ಅವರ ಪಾಲು. ನಾವು ಮೆಲ್ಲಗೆ ಜೊತೆ ಕೊಡುತ್ತೇವೆ. ಸಾಲು ಮೇಲೆ ಹೋಗುತ್ತಿದ್ದಂತೆ ಅವರು ತಮ್ಮ ಸ್ಥಾಯಿಗೆ ಇಳಿದುಬಿಡುತ್ತಾರೆ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ಹಾಳೆಯಲ್ಲಿ ಪೆನ್ಸಿಲಿನಿಂದ ಬಾಣ ಹಾಕಿಕೊಂಡಿದ್ದೇವೆ.

ಇಷ್ಟಾದರೂ ಜೋರಾಗಿ ಹಾಡುವ ಚಟ ಹೋಗಲಿಲ್ಲ. ಪೆಂಡಾಲಿನ ರೆಕಾರ್ಡಿಂಗಿನಲ್ಲಿ ಕಂಡ ರೋಗ ಅದೇ. ಪಕ್ಕದವರು ಜೋರು ಮಾಡಿದರೆ ನಾನೂ ಜೋರು. ಹಾಗಾಗಿ ಒಂದು ಕಟ್ಟುಪಾಡು ಮಾಡಿದೆ. ಎಡಗಡೆಯವರ ದನಿ, ಬಲಗಡೆಯವರ ದನಿ ಎರಡೂ ನಿಮ್ಮ ಕಿವಿಗೆ ಬೀಳಬೇಕು, ಬೀಳದಿದ್ದರೆ ನೀವು ದನಿ ಇಳಿಸಿ. ಸಾಲಾಗಿ ನಿಲ್ಲುವುದನ್ನು ಬಿಟ್ಟು ಅರ್ಧ ಚಂದ್ರದ ಹಾಗೆ ನಿಂತೆವು. ಅರ್ಧ ಗಂಟೆ ಬರೀ ತಂಬೂರಿ ಆ್ಯಪ್ ಇಟ್ಟುಕೊಂಡು, ಹಾರ್ಮೋನಿಯಂ ಮುಚ್ಚಿಬಿಡುವುದು. ಇದು ನನಗೇ ಶಿಕ್ಷೆಯಾಯಿತು. ಹಾರ್ಮೋನಿಯಂ ಇದ್ದಾಗ ಶ್ರುತಿ ಜಾರಿದ್ದು ಗೊತ್ತೇ ಆಗುತ್ತಿರಲಿಲ್ಲ. ಒಂದು ದಿನ ತಂಬೂರಿಯನ್ನೂ ನಿಲ್ಲಿಸಿ ಇಡೀ ಚರಣ ಹಾಡಿ, ಕೊನೆಯ ಷಡ್ಜದ ಮೇಲೆ ಮತ್ತೆ ಹಾಕಿದೆ. ನಾವು ಅರ್ಧ ಮನೆ ಕೆಳಗಿದ್ದೆವು. ಎಲ್ಲರ ಮುಖ ನೋಡಬೇಕಿತ್ತು!

ಜಾರುವುದು ಎಲ್ಲಿ ಎಂದು ಹುಡುಕಿದಾಗ ಕನ್ನಡದ್ದೇ ಒಂದು ವಿಷಯ ಸಿಕ್ಕಿತು. ನಮ್ಮ ಪದಗಳು ಮುಗಿಯುವುದು ಸ್ವರಾಕ್ಷರದಲ್ಲಿ, ಅದರಲ್ಲೂ ಉಕಾರ ಜಾಸ್ತಿ. ಬೆಳಕು, ಹಸಿರು, ಮನವು. ಸಾಲಿನ ಕೊನೆಯಲ್ಲಿ ಆ 'ಉ' ಎಳೆಯುವಾಗ ಬಾಯಿ ಮುಚ್ಚುತ್ತಾ ಬರುತ್ತದೆ, ಉಸಿರೂ ಮುಗಿಯುತ್ತಾ ಬಂದಿರುತ್ತದೆ, ಶ್ರುತಿ ಮೆಲ್ಲಗೆ ಇಳಿಯುತ್ತದೆ. ನಾನು ಹೇಳಿದ್ದು: ತುಟಿ ಉಕಾರಕ್ಕೆ ಇರಲಿ, ಬಾಯೊಳಗೆ ಮಾತ್ರ ಬಿಸಿ ಬೋಂಡ ಇಟ್ಟುಕೊಂಡ ಹಾಗೆ ಜಾಗ ಇರಲಿ. ನಾಲಿಗೆ ಕೆಳಗೆ, ಅಂಗುಳು ಮೇಲೆ. ಎಲ್ಲರೂ ನಕ್ಕರು, ಆದರೆ ತಕ್ಷಣ ದನಿ ದುಂಡಗಾಯಿತು. ಈಗ ಯಾರಾದರೂ ಜಾರಿದರೆ "ಬೋಂಡ" ಅಂದರೆ ಸಾಕು.

ಹಕಾರದ ಕಥೆ ಬೇರೆ. ನಮ್ಮ ಕಂಡಕ್ಟರ್ ಸಾಹೇಬರ ಬಾಯಲ್ಲಿ ಹಸಿರು ಅಂದರೆ ಅಸಿರು. "ನಮ್ಮೂರಲ್ಲಿ ಹಾಲೂ ಆಲೇ, ಆಲದ ಮರವೂ ಆಲೇ ಮೇಡಂ" ಎನ್ನುತ್ತಾರೆ. ಬಾಯಿ ಮುಂದೆ ಅಂಗೈ ಹಿಡಿದು ಹೇಳಿಸಿದೆ. 'ಅ' ಅಂದರೆ ಅಂಗೈಗೆ ಏನೂ ಗೊತ್ತಾಗುವುದಿಲ್ಲ, 'ಹ' ಅಂದರೆ ಬಿಸಿ ಗಾಳಿ ತಾಗುತ್ತದೆ. ಎರಡೇ ವಾರಕ್ಕೆ ಕಲಿತರು. ಎಷ್ಟು ಕಲಿತರೆಂದರೆ, ಮೂರನೇ ವಾರ ಆಕಾಶವನ್ನೂ ಹಾಕಾಶ ಮಾಡಿಬಿಟ್ಟರು. ಭಾವಗೀತೆಯಲ್ಲಿ ಇದನ್ನು ತಿದ್ದಲೇಬೇಕು, ಅರ್ಥ ಕೆಡುತ್ತದೆ. ಜಾನಪದ ಹಾಡುವಾಗ ನಾನು ತಿದ್ದುವುದಿಲ್ಲ. ಅಲ್ಲಿ ಅವರ ನಾಲಿಗೆಯೇ ಸರಿ, ನಾವೇ ಅವರಿಂದ ಕಲಿಯಬೇಕು.

ದನಿ ಬಿಸಿ ಮಾಡಿಕೊಳ್ಳಲು ಮೊದಲೆಲ್ಲ ನೇರವಾಗಿ ಸರಳೆ ವರಸೆ, ಅಂದರೆ ಸಂಗೀತದ ಮೊದಲ ಸ್ವರಪಾಠ, ಹಾಡಿಸುತ್ತಿದ್ದೆ. ಈಗ ಮೊದಲ ಐದು ನಿಮಿಷ ಸ್ಟ್ರಾ. ಲೋಟದಲ್ಲಿ ಎರಡು ಬೆರಳು ಮುಳುಗುವಷ್ಟು ನೀರು, ಅದರಲ್ಲಿ ಸ್ಟ್ರಾ ಇಟ್ಟು, ಬಾಯಿಂದ 'ಊ' ಎನ್ನುತ್ತಾ ಗುಳ್ಳೆ ಬರಿಸುವುದು. ಗುಳ್ಳೆ ಒಂದೇ ಸಮ ಬರುತ್ತಿದ್ದರೆ ಉಸಿರು ಒಂದೇ ಸಮ ಹೋಗುತ್ತಿದೆ ಅಂತ ಅರ್ಥ. ಬಾಯಿ ಕಡೆಯಿಂದ ಒತ್ತಡ ಇರುವುದರಿಂದ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳುವುದಿಲ್ಲ. 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆಗಿದೆಯಲ್ಲ, ಎಳನೀರು ಅಂಗಡಿಯಿಂದ ಪೇಪರ್ ಸ್ಟ್ರಾ ತಂದೆವು. ಅದು ಮೂರು ನಿಮಿಷಕ್ಕೆ ಮೆತ್ತಗಾಗುತ್ತದೆ. ಸ್ಟೀಲ್ ಸ್ಟ್ರಾ ಒಂದೊಂದು ತಂದುಕೊಳ್ಳಿ ಎಂದೆ. ಆಮೇಲೆ ಒಂದೊಂದು ಸ್ವರವನ್ನೂ ಜೋಡಿಯಾಗಿ ಹಾಡುವ ಜಂಟಿ ವರಸೆ, 'ಆ' ಎನ್ನುತ್ತಾ. ಎರಡನೇ ಸ್ವರಕ್ಕೆ ಒತ್ತು ಕೊಡಬೇಕಲ್ಲ, ಕೆಳಗಿನಿಂದ ಎಳೆದುಕೊಂಡು ಸ್ವರ ಮುಟ್ಟುವ ಅಭ್ಯಾಸ ಇದರಲ್ಲೇ ಬಿಟ್ಟುಹೋಗುತ್ತದೆ.

ಸ್ಟ್ರಾ ವಿದ್ಯೆ ಬಂದದ್ದು ನಮ್ಮ ಗುಂಪಿನ ಒಬ್ಬ ಮೇಡಂನಿಂದ. ಅವರು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಾರೆ. ವರ್ಷವಿಡೀ ಗಂಟಲು ಕಟ್ಟಿರುತ್ತಿತ್ತು. ಕಲ್ಲುಸಕ್ಕರೆ, ಮೆಣಸು, ಜ್ಯೇಷ್ಠಮಧು ಎಲ್ಲ ಆಯಿತು. ಕುಡಿದದ್ದು ತಿಂದದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುವಿಗೆ ತಾಗುವುದಿಲ್ಲ ಅಂತ ನಮಗೆ ಆಗ ಹೊಳೆದಿರಲಿಲ್ಲ. ಕೊನೆಗೆ ಮಾನಸಗಂಗೋತ್ರಿಯ ಮಾತು-ಶ್ರವಣ ಚಿಕಿತ್ಸೆಯ ಸಂಸ್ಥೆ, ಸ್ಪೀಚ್ ಅಂಡ್ ಹಿಯರಿಂಗ್‌ಗೆ ಹೋದರು. ಮೈಸೂರಿನಲ್ಲಿ ಇದ್ದುಕೊಂಡು ಅಲ್ಲಿಗೆ ಹೋಗಲು ಇಷ್ಟು ತಡ ಮಾಡಿದ್ದು ನಮ್ಮ ದಡ್ಡತನ. ಧ್ವನಿತಂತುವಿನ ಮೇಲೆ ಸಣ್ಣ ಗಂಟು ಇತ್ತು. ಕೆಲವು ತಿಂಗಳ ಥೆರಪಿ. ಗಂಟಲು ಕೆರೆದುಕೊಳ್ಳಬೇಡಿ, ಬದಲಿಗೆ ಎಂಜಲು ನುಂಗಿ. ಪಿಸುಮಾತೂ ಬೇಡ, ಅದೂ ಆಯಾಸವೇ. ನೀರು ಹಾಡುವ ಹೊತ್ತಿಗೆ ಅಲ್ಲ, ಬೆಳಗಿನಿಂದಲೇ ಕುಡಿಯುತ್ತಿರಿ. ಇವನ್ನೆಲ್ಲ ಅವರು ಬಂದು ನಮಗೆ ಹೇಳಿದರು. ಅಂದಿನಿಂದ ಯಾರದೇ ದನಿ ಮೂರು ವಾರ ಒಡೆದೇ ಇದ್ದರೆ ಅವರಿಗೆ ನಮ್ಮಲ್ಲಿ ಹಾಡಲು ಬಿಡುವುದಿಲ್ಲ, ಡಾಕ್ಟರ್ ಹತ್ತಿರ ಕಳಿಸುತ್ತೇವೆ.

ಉಸಿರಿನ ಪಾಠಕ್ಕೆ ನಾಡಗೀತೆಯೇ ಗುರು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದಿತು. ರಾಜ್ಯೋತ್ಸವಕ್ಕೆ ಅಭ್ಯಾಸ ಮಾಡುವಾಗ ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆ. 3 ನಿಮಿಷ ದಾಟಿತು! ತಾಳ ನಿಧಾನ ಇರಲಿಲ್ಲ. ಪ್ರತಿ ಸಾಲಿನ ಕೊನೆಗೂ ಎಲ್ಲರೂ ಒಟ್ಟಿಗೆ ನಿಂತು, ಭುಜ ಎತ್ತಿ, ಉಸಿರು ಎಳೆದುಕೊಳ್ಳುತ್ತಿದ್ದೆವು. ಹಾಡು ಸಿಟಿ ಬಸ್ಸಿನ ಹಾಗೆ ಸ್ಟಾಪ್ ಸ್ಟಾಪಿಗೂ ನಿಲ್ಲುತ್ತಿತ್ತು.

ಚರ್ಚ್ ಕ್ವಾಯರಿನಲ್ಲಿ ಹಾಡುವ ನನ್ನ ಸಹೋದ್ಯೋಗಿ ಒಬ್ಬರು ಉಪಾಯ ಹೇಳಿದರು. ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬೇಡಿ. ಸಾಲಿನ ಕೊನೆಯಲ್ಲಿ ಬೇಡ, ನಡುವೆ ಯಾವುದಾದರೂ ದೀರ್ಘಾಕ್ಷರದಲ್ಲಿ ಬಿಟ್ಟು, ಉಸಿರು ತುಂಬಿಕೊಂಡು, ಮೆಲ್ಲಗೆ ಒಳಗೆ ಬನ್ನಿ. ನಾವು ಇದಕ್ಕೆ ಕಳ್ಳ ಉಸಿರು ಅಂತ ಹೆಸರಿಟ್ಟೆವು. ನಮ್ಮ ಮೇಷ್ಟ್ರೊಬ್ಬರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಪದ ಒಡೀಬಾರ್ದು ಅಂತ ನಮ್ಮ ಗುರುಗಳು ಹೊಡೆದು ಕಲಿಸಿದ್ರು ಕಣಮ್ಮ" ಎಂದರು. ಒಬ್ಬರೇ ಹಾಡುವಾಗ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗುಂಪಿನಲ್ಲಿ ಒಬ್ಬರು ಒಡೆದದ್ದನ್ನು ಉಳಿದ 21 ಜನ ಮುಚ್ಚುತ್ತಾರೆ. ಅವರನ್ನು ಕೋಣೆಯ ಆ ತುದಿಯಲ್ಲಿ ಕೂರಿಸಿ ಹಾಡಿ ತೋರಿಸಿದೆವು. ಕೇಳಿದರು. ಏನೂ ಅನ್ನಲಿಲ್ಲ. ಎದ್ದು ಬಂದು ತಮ್ಮ ಜಾಗದಲ್ಲಿ ನಿಂತರು. ಆ ಭಾನುವಾರ 2 ನಿಮಿಷ 34 ಸೆಕೆಂಡಿಗೆ ಮುಗಿಸಿದೆವು.

ಎಲ್ಲ ಸರಿಹೋಗಿದೆ ಅಂತಲ್ಲ. ಮೈಕ್ ಮುಂದೆ ನಿಂತರೆ ಮೂವರು ಇನ್ನೂ ಮುಂದೆ ಬಾಗುತ್ತಾರೆ. ಮಳೆಗಾಲದಲ್ಲಿ ಹಾಜರಿ ಅರ್ಧಕ್ಕೆ ಇಳಿಯುತ್ತದೆ, ಆಗ ಕಳ್ಳ ಉಸಿರು ಸಿಕ್ಕಿಬೀಳುತ್ತದೆ. ಈ ವಾರ ಹೊಸ ಭಾವಗೀತೆ ಎತ್ತಿಕೊಂಡಿದ್ದೇವೆ. ಎರಡನೇ ಚರಣದಲ್ಲಿ ಮಂದ್ರದ ಪಂಚಮದ ಮೇಲೆ ನಿಲ್ಲುವ ಒಂದು ಉದ್ದನೆಯ ಸಾಲು ಇದೆ. ನಮ್ಮ ಕಂಡಕ್ಟರ್ ಸಾಹೇಬರು ಆಗಲೇ ಪೆನ್ಸಿಲ್ ಕೇಳಿ, ಬಾಣ ಹಾಕಿಕೊಂಡು, ಮೀಸೆ ತಿರುವುತ್ತಾ ಕೂತಿದ್ದರು.