ಜೋ ಸ್ಟ್ರಡ್‌ವಿಕ್‌ನ ವಯಸ್ಸು ಯಾರು ಹೇಳಿದ್ದು?

ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ಬದುಕನ್ನು ಹುಡುಕುವುದು ಬ್ರಿಟನ್ನಿನಲ್ಲಿ ತುಂಬ ಜನರ ಹವ್ಯಾಸ. ಸರ್ರೆಗೆ ಬಂದು ನೆಲೆಸಿದ ಮೇಲೆ ನನಗೂ ಅಂಟಿಕೊಂಡಿತು. ಇಲ್ಲಿ ಊರೂರಿಗೂ ಒಂದು ಯುದ್ಧ ಸ್ಮಾರಕ, ಅದರ ಮೇಲೆ ಉದ್ದಕ್ಕೆ ಹೆಸರುಗಳು. ಕೆಲವರು ಇಡೀ ಪಟ್ಟಿ ಹಿಡಿದು ಹೊರಡುತ್ತಾರೆ. ನನ್ನದು ಒಂದು ಸಲಕ್ಕೆ ಒಂದೇ ಹೆಸರು. ನನಗೆ ಜಾಸ್ತಿ ಕಲಿಸಿದವನು ಡಾರ್ಕಿಂಗ್ ಊರಿನ ವ್ಯಾಲೆಂಟೈನ್ ಜೋ ಸ್ಟ್ರಡ್‌ವಿಕ್.

ಹುಟ್ಟಿದ್ದು 1900ರ ಫೆಬ್ರವರಿ 14. ಅದಕ್ಕೇ ವ್ಯಾಲೆಂಟೈನ್ ಅಂತ ಹೆಸರು. ಸತ್ತದ್ದು 1916ರ ಜನವರಿ 14, ಬೆಲ್ಜಿಯಂನ ಈಪರ್ ಪಟ್ಟಣದ ಹತ್ತಿರ. ಹದಿನಾರು ತುಂಬೋಕೆ ಇನ್ನೂ ಒಂದು ತಿಂಗಳು ಬಾಕಿ ಇತ್ತು. ರೈಫಲ್ ಬ್ರಿಗೇಡ್ ಎಂಬ ರೆಜಿಮೆಂಟಿನ 8ನೇ ಬೆಟಾಲಿಯನ್, ಸೈನಿಕ ನಂಬರ್ 5750.

ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ, "ಅಷ್ಟು ಚಿಕ್ಕ ಹುಡುಗನ್ನ ಹೇಗೆ ಕಣೋ ಸೇರಿಸ್ಕೊಂಡ್ರು?" ಅಂದರು. ಸೇರಲು 18, ಹೊರದೇಶಕ್ಕೆ ಹೋಗಿ ಕಾದಲು 19 ಆಗಿರಬೇಕಿತ್ತು. ಆದರೆ ಹುಟ್ಟಿದ ದಾಖಲೆ ತೋರಿಸು ಅಂತ ಯಾರೂ ಕೇಳುತ್ತಿರಲಿಲ್ಲ. ಎತ್ತರ, ಎದೆಯ ಸುತ್ತಳತೆ ಸರಿಯಿದ್ದರೆ ಹುಡುಗ ಬಾಯಲ್ಲಿ ಹೇಳಿದ್ದೇ ವಯಸ್ಸು. ಸರ್ ಆರ್ಥರ್ ಮಾರ್ಕಮ್ ಎಂಬ ಸಂಸದರು ಪಾರ್ಲಿಮೆಂಟಿನಲ್ಲಿ ಇದೇ ವಿಷಯಕ್ಕೆ ಸರ್ಕಾರದ ಬೆನ್ನು ಬಿದ್ದಿದ್ದರು.

ಹುಡುಕೋಕೆ ಶುರು ಮಾಡುವವರೆಲ್ಲ ಮೊದಲು ಸೇವಾ ಕಡತ ಕೇಳುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬ್ ಬಿದ್ದು ಲಂಡನ್ನಿನ ಉಗ್ರಾಣವೊಂದು ಹೊತ್ತಿ ಉರಿಯಿತು. ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಬೂದಿಯಾದವು. ಉಳಿದವುಗಳ ಅಂಚು ಸುಟ್ಟಿದೆ, ಬೆಂಕಿ ಆರಿಸಿದ ನೀರಿನಲ್ಲಿ ಶಾಯಿ ಕದಡಿದೆ. ಅಧಿಕಾರಿಗಳ ಮುಖ್ಯ ಸೇವಾ ದಾಖಲೆಗಳೂ ಸುಟ್ಟವು, ಆದರೆ ಅವರ ಬಗ್ಗೆ ಬೇರೆಯಾಗಿ ಇಟ್ಟಿದ್ದ ಪತ್ರವ್ಯವಹಾರದ ಕಡತಗಳು ಬಹುಪಾಲು ಉಳಿದವು. ಸತ್ತ ಮೇಲೂ ಮೇಲು ಕೀಳು ತಪ್ಪಲಿಲ್ಲ, ಅಲ್ವಾ?

ಹಾಗಾಗಿ ನಾನು ಸುತ್ತುದಾರಿ ಹಿಡಿಯುತ್ತೇನೆ. ಹುಟ್ಟಿಗೆ ಜನನ ನೋಂದಣಿ, ಮನೆಗೆ 1911ರ ಜನಗಣತಿ. ಬೆಟಾಲಿಯನ್ ಎಲ್ಲಿತ್ತು ಎನ್ನುವುದಕ್ಕೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಯುದ್ಧ ದಿನಚರಿ. ಅದರಲ್ಲಿ ಅಧಿಕಾರಿ ಸತ್ತರೆ ಹೆಸರು ಬರುತ್ತದೆ, ಜೋನಂಥವನು ಸತ್ತರೆ ಸಾಮಾನ್ಯವಾಗಿ ಬರೀ ಸಂಖ್ಯೆ.

ಪ್ರತಿ ಕಾಗದಕ್ಕೂ ನಾನು ಕೇಳುವುದು ಒಂದೇ: ಇದನ್ನು ಯಾರು, ಯಾವಾಗ, ಯಾರ ಮಾತಿನ ಮೇಲೆ ಬರೆದರು? ಜೋ 1915ರ ಜನವರಿಯಲ್ಲಿ ಸೇರಿದ, ಆರೇ ವಾರದ ತರಬೇತಿ ಪಡೆದು ಫ್ರಾನ್ಸಿಗೆ ಹೋದ ಎಂದು ಎಲ್ಲ ಕಡೆ ಬರೆಯುತ್ತಾರೆ. ಮುಂದೆ ವಿಷಾನಿಲ ತಗುಲಿ ಊರಿಗೆ ಬಂದು, ಸುಧಾರಿಸಿಕೊಂಡು ಮತ್ತೆ ಹೋದನಂತೆ. ಕಥೆ ಚೆನ್ನಾಗಿದೆ. ಆದರೆ 8ನೇ ಬೆಟಾಲಿಯನ್ ಇದ್ದ 14ನೇ ಡಿವಿಷನ್ ಫ್ರಾನ್ಸಿಗೆ ಇಳಿದದ್ದೇ 1915ರ ಮೇ ತಿಂಗಳಲ್ಲಿ. ಆರು ವಾರದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಇಂಥ ಕಡೆ ನೋಡಬೇಕಾದದ್ದು ಮೆಡಲ್ ಕಾರ್ಡ್, ಅಂದರೆ ಯಾರಿಗೆ ಯಾವ ಪದಕ ಸಲ್ಲಬೇಕು ಎಂದು ಸೈನ್ಯ ಬರೆದಿಟ್ಟ ಚೀಟಿ. 1915 ಮುಗಿಯುವುದರೊಳಗೆ ರಣರಂಗಕ್ಕೆ ಹೋದವರ ಕಾರ್ಡಿನಲ್ಲಿ ಸಾಮಾನ್ಯವಾಗಿ ಹೋದ ತಾರೀಖು ಇರುತ್ತದೆ. ಸತ್ತವನ ಬಾಕಿ ಹಣ ಮನೆಯವರಿಗೆ ಕೊಟ್ಟ ರಿಜಿಸ್ಟರ್ ಕೂಡ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಬರೆದಿರುವ ಯುದ್ಧದ ಇನಾಮು ಎಷ್ಟು ತಿಂಗಳು ದುಡಿದ ಎನ್ನುವುದರ ಮೇಲೆ ನಿಂತಿತ್ತು. ಒಂದು ವರ್ಷಕ್ಕಿಂತ ಹೆಚ್ಚು ದುಡಿದವನಾದರೆ, ಮೊತ್ತದಿಂದ ಹಿಂದಕ್ಕೆ ಎಣಿಸಿ ಸೇರಿದ ತಿಂಗಳನ್ನು ಹೆಚ್ಚುಕಮ್ಮಿ ಕಂಡುಹಿಡಿಯಬಹುದು. ಬೇರೆಯವರು ಬರೆದದ್ದನ್ನು ಸುಮ್ನೆ ನಕಲು ಮಾಡುವುದಕ್ಕಿಂತ ಈ ಲೆಕ್ಕ ವಾಸಿ.

1915ರ ಜುಲೈ 30ರಂದು ಈಪರ್ ಹತ್ತಿರದ ಹೋಖ್ ಎಂಬಲ್ಲಿ ಜರ್ಮನ್ನರು ಬೆಂಕಿ ಉಗುಳುವ ಯಂತ್ರಗಳನ್ನು ತಂದು ನುಗ್ಗಿದರು. ಎದುರಿಗೆ ಸಿಕ್ಕಿದ್ದು ಇದೇ 8ನೇ ಬೆಟಾಲಿಯನ್. ಜೋ ಅವತ್ತು ಅಲ್ಲಿದ್ದ ಎಂದು ಬರೆಯಲು ಕೈ ತುರಿಸುತ್ತದೆ. ಬೆಟಾಲಿಯನ್ ಇತ್ತು ಎಂದ ಮಾತ್ರಕ್ಕೆ ಹುಡುಗ ಇದ್ದ ಎಂದಾಗುವುದಿಲ್ಲ. ಬರೆಯಲಿಲ್ಲ.

ಸಮಾಧಿ ಇರುವುದು ಈಪರ್‌ನಿಂದ ಬೂಜಿಂಗೆಗೆ ಹೋಗುವ ರಸ್ತೆ ಬದಿಯ ಎಸೆಕ್ಸ್ ಫಾರ್ಮ್ ಸ್ಮಶಾನದಲ್ಲಿ. ಪಕ್ಕದಲ್ಲೇ ಕಾಲುವೆ. ಮೊದಲನೇ ಪ್ಲಾಟು, ಯು ಸಾಲು, 8ನೇ ಕಲ್ಲು. ಅದು ಎಲ್ಲ ಕಲ್ಲುಗಳಷ್ಟೇ ಎತ್ತರದ ಬಿಳಿ ಕಲ್ಲು. ಮೇಲೆ ರೆಜಿಮೆಂಟಿನ ಲಾಂಛನ, ನಂಬರ್, ಹೆಸರು, ತಾರೀಖು, ಆಮೇಲೆ 'ವಯಸ್ಸು 15'. ಬುಡದಲ್ಲಿ ಶಾಲೆ ಮಕ್ಕಳು ನೆಟ್ಟು ಹೋದ ಪುಟ್ಟ ಮರದ ಶಿಲುಬೆಗಳು, ಸತ್ತ ಸೈನಿಕರ ನೆನಪಿಗೆ ಇಡುವ ಕಾಗದದ ಗಸಗಸೆ ಹೂಗಳು.

ಆ 15 ಎಲ್ಲಿಂದ ಬಂತು? ಸೈನ್ಯದ ಪುಸ್ತಕದಿಂದ ಬಂದಿರಲು ಸಾಧ್ಯವಿಲ್ಲ. ನಿಜ ಹೇಳಿದ್ದರೆ ಅವನನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಯುದ್ಧ ಮುಗಿದ ಮೇಲೆ ಸಮಾಧಿಗಳ ಕಮಿಷನ್ ಸತ್ತವರ ಮನೆಗಳಿಗೆ ಒಂದು ಫಾರಂ ಕಳಿಸುತ್ತಿತ್ತು. ಹೆಸರು ಸರಿಯಿದೆಯೇ, ವಯಸ್ಸೆಷ್ಟು, ತಂದೆ ತಾಯಿ ಯಾರು. ಕಲ್ಲಿನ ಮೇಲಿನ ವಯಸ್ಸು ಸಾಮಾನ್ಯವಾಗಿ ಹಾಗೆ ಮನೆಯವರು ತುಂಬಿ ಕಳಿಸಿದ್ದು. ಕಮಿಷನ್ನಿನ ದಾಖಲೆಯಲ್ಲಿ ಜೋನ ಮನೆ ಕಡೆಯಿಂದ ಇರುವುದು ತಾಯಿ ಲೂಯಿಸಾ ಹೆಸರು.

ಮನೆಯವರ ಮಾತು ಯಾವಾಗಲೂ ಸರಿ ಅಂತಲೂ ಅಲ್ಲ. ಹತ್ತಿರದ ಪುಲ್‌ಕಪೆಲ್ಲೆ ಸ್ಮಶಾನದಲ್ಲಿ ಜಾನ್ ಕಾಂಡನ್ ಎಂಬುವನ ಕಲ್ಲಿನ ಮೇಲೆ 14 ಎಂದಿದೆ. ಅವನಿಗೆ ಆಗ 18 ಆಗಿತ್ತು, ಅಲ್ಲಿರುವುದು ಅವನೇ ಅಲ್ಲ ಎಂದೂ ಹುಡುಕಿದವರು ವಾದಿಸಿದ್ದಾರೆ. ಕಲ್ಲು ಹಾಗೇ ಇದೆ. ಜೋನ ವಿಷಯದಲ್ಲಿ ಜನನದ ತಾರೀಖಿಗೂ ಕಲ್ಲಿಗೂ ತಾಳೆಯಾಗುತ್ತದೆ. ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಅವನ ವಯಸ್ಸಿನ ಮುಂದೆ ಪ್ರಶ್ನೆ ಗುರುತು ಇಲ್ಲ. ಆರು ವಾರದ ತರಬೇತಿಯ ಮುಂದೆ ಇದೆ.