ಮಲ್ಲಿ ಇಲ್ಲದ ಬೆಳಗಿನ ಐದು ಗಂಟೆ

ಕುದುರೆ ಸಾಕಿದವರಿಗೆ ಬೆಳಗಾಗುವುದು ಐದು ಗಂಟೆಗೆ. ಮಲ್ಲಿ ಹೋದ ಮರುದಿನವೂ ಐದಕ್ಕೇ ಎಚ್ಚರವಾಯಿತು. ಕೈ ತಾನಾಗಿಯೇ ನೆನೆಸಿದ ಹುರುಳಿಗೆ ಬೂಸಾ ಕಲಸಿತು. ನೋಡಿದರೆ ಎರಡು ಬಕೆಟ್ ತುಂಬಿಸಿದ್ದೆ. ಬೇಕಾಗಿದ್ದು ಒಂದೇ. ಲಾಯದ ಬಾಗಿಲಲ್ಲೇ ಕೂತು ಅತ್ತೆ.

ಮಲ್ಲಿ ಕುಣಿಗಲ್ ಕಡೆ ಹುಟ್ಟಿದ ರೇಸ್ ಕುದುರೆ. ಮುಂಗಾಲಿಗೆ ಪೆಟ್ಟಾಗಿ ಓಟ ನಿಂತ ಮೇಲೆ, 7ನೇ ವಯಸ್ಸಿಗೆ ಹೆಸರಘಟ್ಟದ ಹತ್ತಿರ ಇರುವ ನಮ್ಮ ಜಾಗಕ್ಕೆ ಬಂದಳು. 15 ವರ್ಷ ನಮ್ಮ ಜೊತೆ ಇದ್ದಳು. ನಾನು ಮಕ್ಕಳಿಗೆ ಸವಾರಿ ಕಲಿಸುತ್ತೇನೆ. ಜಾಸ್ತಿ ಹೆದರುವ ಮಗುವನ್ನು ಮೊದಲು ಹತ್ತಿಸುತ್ತಿದ್ದದ್ದು ಅವಳ ಬೆನ್ನಿಗೇ. ಮಗು ಸ್ವಲ್ಪ ವಾಲಿದರೂ ಸಾಕು, ತಾನೇ ನಿಂತುಬಿಡುತ್ತಿದ್ದಳು. ಅದನ್ನು ಯಾರೂ ಕಲಿಸಿದ್ದಲ್ಲ.

ಆ ರಾತ್ರಿ ಮೇವು ಮುಟ್ಟಲಿಲ್ಲ. ಕಾಲಿನಿಂದ ನೆಲ ಕೆರೆಯುತ್ತಾ, ತಿರುತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿದ್ದಳು. ದವಡೆ ಕೆಳಗೆ ನಾಡಿ ಹಿಡಿದೆ. ಆರೋಗ್ಯವಾಗಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರುತ್ತದೆ. ಅವಳದು 80 ದಾಟಿತ್ತು. ಒಸಡು ಕಂದಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಕರುಳು ಕಟ್ಟಿಕೊಂಡರೆ ಒಳಗಿನ ನೀರು, ಗಾಳಿ ಹೊಟ್ಟೆಯಲ್ಲೇ ಉಬ್ಬುತ್ತಾ ಹೋಗುತ್ತದೆ. ಡಾಕ್ಟರ್ ಬಂದು ಮೂಗಿನಿಂದ ಟ್ಯೂಬ್ ಹಾಕಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು. ಒಂದು ಗಂಟೆಯಲ್ಲಿ ನೋವು ಮತ್ತೆ ಬಂತು. "ಮೇಡಂ, ಕರುಳು ತಿರುಚಿಕೊಂಡಿದೆ ಅನ್ಸುತ್ತೆ. 22 ವರ್ಷದ ಜೀವ. ಈ ಸ್ಥಿತಿಯಲ್ಲಿ ಆಪರೇಷನ್ ತಡ್ಕೊಳ್ಳಲ್ಲ" ಎಂದರು. ಮುಂದಿನದನ್ನು ನಾನೇ ಹೇಳಬೇಕಿತ್ತು. ಹೇಳಿದೆ.

ಇದೇ ಸ್ಥಿತಿಯಲ್ಲಿ ಇರುವವರಿಗೆ ಒಂದು ಮಾತು. ದಯಾಮರಣ ಕೊಡುವಾಗ ಏನೇನಾಗುತ್ತದೆ ಎಂದು ಡಾಕ್ಟರನ್ನು ಮೊದಲೇ ಕೇಳಿಬಿಡಿ. ನಮ್ಮ ಡಾಕ್ಟರ್ ಕೇಳುವ ಮೊದಲೇ ಹೇಳಿದರು. 450 ಕೆ.ಜಿ. ತೂಕದ ಪ್ರಾಣಿ ಬೀಳುವಾಗ ಹತ್ತಿರ ಇರಬಾರದು. ಜೀವ ಹೋದರೂ ಕಣ್ಣು ಮುಚ್ಚುವುದಿಲ್ಲ. ಆಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು, ಅದು ನೋವಲ್ಲ. ಆ ಮಾತು ಕಿವಿಯಲ್ಲಿ ಇರದಿದ್ದರೆ ನಾನು ಇವತ್ತಿಗೂ ಅದನ್ನೇ ನೆನೆದು ಕೊರಗುತ್ತಿದ್ದೆ.

ಬೆಳಕು ಹರಿದ ಮೇಲೆ ಗುಂಡನನ್ನು ಕರೆತಂದೆವು. ಗುಂಡ ನಮ್ಮ ಕುಳ್ಳ ಕುದುರೆ, ಲಾಯದಲ್ಲಿ ಮಲ್ಲಿಯ ಪಕ್ಕದವನು. ಜೊತೆಯವಳು ಸುಮ್ನೆ ಕಾಣೆಯಾದರೆ ಅವನು ಹುಡುಕುತ್ತಲೇ ಇರುತ್ತಾನೆ, ಅದಕ್ಕೇ ತೋರಿಸಿದ್ದು. ಅವಳ ಮೂಗು, ಕಿವಿ, ಹೊಟ್ಟೆ ಎಲ್ಲ ಮೂಸಿದ. ಒಮ್ಮೆ ಹಲ್ಲಿನಿಂದ ಮೆಲ್ಲಗೆ ಕತ್ತು ಎಳೆದು ನೋಡಿದ. ಆಮೇಲೆ ತಿರುಗಿ ಹುಲ್ಲಿಗೆ ಬಾಯಿ ಹಾಕಿದ. ಆದರೂ ಮೂರು ದಿನ ಗೇಟಿನ ಕಡೆ ಮುಖ ಮಾಡಿ ಕೆನೆಯುತ್ತಿದ್ದ.

ಬೋರ್‌ವೆಲ್‌ನಿಂದ ದೂರ ಜಾಗ ನೋಡಿ, ಜೆಸಿಬಿ ಕರೆಸಿ ಆಳವಾಗಿ ಗುಂಡಿ ತೋಡಿಸಿದೆವು. "ಎತ್ತೋದು ನೋಡಬೇಡಿ ಅಮ್ಮಾ, ಒಳಗೆ ಹೋಗಿ ಟೀ ಮಾಡಿ" ಎಂದರು ಕುದುರೆ ನೋಡಿಕೊಳ್ಳುವ ನಮ್ಮ ಸಯೀಸ್ ಚಾಚಾ. ನಾನು ಕೇಳಲಿಲ್ಲ, ನಿಂತು ನೋಡಿದೆ. ಕೇಳಬೇಕಿತ್ತು. ಅಷ್ಟರಲ್ಲಿ ಚಾಚಾ ಅವಳ ಬಾಲದಿಂದ ಒಂದು ಹಿಡಿ ಕೂದಲು ಕತ್ತರಿಸಿ, ನಾಲ್ಕೂ ಲಾಳ ಬಿಚ್ಚಿ ಇಟ್ಟಿದ್ದರು. ನನಗೆ ಅದು ಹೊಳೆದೇ ಇರಲಿಲ್ಲ.

ಮಕ್ಕಳಿಗೆ "ಮಲ್ಲಿ ಊರಿಗೆ ಹೋಗಿದ್ದಾಳೆ" ಎನ್ನಲು ಮನಸ್ಸಾಗಲಿಲ್ಲ. ಸತ್ತುಹೋದಳು ಎಂದೇ ಹೇಳಿದೆ. ಒಬ್ಬ ಹುಡುಗ ಅವಳಿಗೆಂದು ಕ್ಯಾರೆಟ್ ತಂದಿದ್ದ. ಅದನ್ನು ಏನು ಮಾಡಲಿ ಎಂದು ಕೇಳಿದ. ಇಬ್ಬರೂ ಹೋಗಿ ಗುಂಡನಿಗೆ ಕೊಟ್ಟೆವು. ಆ ವಾರ ನನಗೆ ಸಮಾಧಾನ ಕೊಟ್ಟದ್ದು ಅದೊಂದೇ.

ಅಳುವಿಗಿಂತ ಕಷ್ಟವಾದದ್ದು ತಪ್ಪಿತಸ್ಥ ಭಾವನೆ. ಮೇವು ಬದಲಾಗಿತ್ತಾ? ಸಂಜೆ ಬೇಗ ಹೋಗಿ ನೋಡಬೇಕಿತ್ತಾ? ರಾತ್ರಿಯೆಲ್ಲ ಇದೇ. ಕೊನೆಗೆ ಒಂದು ಹಾಳೆಯಲ್ಲಿ ಆ ದಿನದ ಲೆಕ್ಕ ಬರೆದೆ. ಎಷ್ಟು ಹೊತ್ತಿಗೆ ನೀರು, ಎಷ್ಟು ಹೊತ್ತಿಗೆ ಮೇವು, ಎಷ್ಟು ಹೊತ್ತಿಗೆ ಫೋನ್. ಮೊದಲ ಸಲ ನೆಲ ಕೆರೆದದ್ದಕ್ಕೂ ಡಾಕ್ಟರಿಗೆ ಫೋನ್ ಮಾಡಿದ್ದಕ್ಕೂ ನಡುವೆ ಇದ್ದದ್ದು 15 ನಿಮಿಷ. ಮೂರು ವಾರ ಬಿಟ್ಟು ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋದೆ. ಪೂರ್ತಿ ಓದಿದರು. ವಯಸ್ಸಾದ ಕುದುರೆಗಳ ಹೊಟ್ಟೆಯಲ್ಲಿ ಕೊಬ್ಬಿನ ಗಂಟು ಬೆಳೆದು, ಅದರ ತೊಟ್ಟು ಕರುಳಿಗೆ ಸುತ್ತಿಕೊಳ್ಳುವುದುಂಟು, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಅವತ್ತು ರಾತ್ರಿ ಮೊದಲ ಸಲ ನಿದ್ದೆ ಬಂತು.

"ಬರೀ ಕುದುರೆ ತಾನೇ, ಇನ್ನೊಂದು ತಗೊಳ್ಳಿ" ಎಂದವರೂ ಇದ್ದರು. ಅವರ ಜೊತೆ ವಾದ ಮಾಡಲಿಲ್ಲ. ನನಗೆ ನೆನಪಾದದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದ ಆತಕೂರಿನ ಕಲ್ಲು. ಮಂಡ್ಯ ಕಡೆಯಿಂದ ತಂದದ್ದು, ಸುಮಾರು ಕ್ರಿ.ಶ. 949ರದು. ಯುದ್ಧದಲ್ಲಿ ಗೆದ್ದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಆ ಕಲ್ಲಿಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದೆ ನಮ್ಮ ಭಾಷೆಯಲ್ಲೇ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ ಅಲ್ವಾ. ನನ್ನ ಅಳು ಹೊಸದೇನಲ್ಲ ಅನ್ನಿಸಿತು.

ಮಳೆಗಾಲ ಮುಗಿದು ಮಣ್ಣು ಕೂತ ಮೇಲೆ ನಾವೂ ಒಂದು ಚಪ್ಪಡಿ ಕಲ್ಲು ತಂದು ನಿಲ್ಲಿಸಿದೆವು. ಮೇಲೆ "ಮಲ್ಲಿ" ಎಂದಷ್ಟೇ ಬರೆಸಿದ್ದೇವೆ. ಮೇಯಲು ಬಿಟ್ಟಾಗ ಗುಂಡ ಅಲ್ಲಿಗೆ ಹೋಗಿ ಕತ್ತು ಉಜ್ಜಿಕೊಳ್ಳುತ್ತಾನೆ. ಬಣ್ಣ ಆಗಲೇ ಅರ್ಧ ಮಾಸಿದೆ. ಚಾಚಾನೂ ಓಡಿಸುವುದಿಲ್ಲ, ನಾನೂ ಓಡಿಸುವುದಿಲ್ಲ.