ರೆಕಾರ್ಡಿಂಗ್ ನಡುವೆ ಚಟಪಟ ಸದ್ದೇ? ಒಂದೊಂದೇ ಕೋರ್ ನೋಡಿ

ಮೈಸೂರಿನ ಮನೆ ಸ್ಟುಡಿಯೋ ಗೆಳೆಯರೇ, ದಸರಾ ಹತ್ತಿರವಾದಂತೆ ಗುಂಪಿನಲ್ಲಿ ಒಂದೇ ದೂರು: ಎಂಟು ಕೋರ್‌ಗಳ (ಒಂದೊಂದೂ ಪ್ರತ್ಯೇಕವಾಗಿ ಕೆಲಸ ಮಾಡುವ ಘಟಕ) ಪ್ರೊಸೆಸರ್ ಇದೆ, ಸಿಪಿಯು ಬಳಕೆ ಶೇ 30 ದಾಟಿಲ್ಲ, ಆದರೂ ಪಿಟೀಲಿನ ನಡುವೆ ಚಟಪಟ ಸದ್ದು.

ಆ ಶೇ 30 ಎಲ್ಲ ಕೋರ್‌ಗಳ ಸರಾಸರಿ, ಅದನ್ನು ನಂಬಬೇಡಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ (ಒಂದು ಸುತ್ತಿಗೆ ಕಂಪ್ಯೂಟರ್ ಸಿದ್ಧಪಡಿಸುವ ಸದ್ದಿನ ತುಣುಕು) ಇಟ್ಟರೆ ಪ್ರತಿ ಸುತ್ತಿಗೆ ಸಿಗುವುದು ಸುಮಾರು 2.7 ಮಿಲಿಸೆಕೆಂಡ್. ಒಂದು ಟ್ರ್ಯಾಕ್‌ನ ಪ್ಲಗಿನ್‌ಗಳು (ಸದ್ದನ್ನು ತಿದ್ದುವ ಪುಟ್ಟ ತಂತ್ರಾಂಶಗಳು) ಒಂದರ ಹಿಂದೊಂದು ನಡೆಯಬೇಕು. ಈಕ್ವಲೈಸರ್ ಮುಗಿಸದೆ ಅದರ ಮುಂದಿನ ರಿವರ್ಬ್ ಶುರುವಾಗದು. ಹೀಗಾಗಿ ಆ ಸರಪಳಿಯ ಭಾರವೆಲ್ಲ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ. ಉಳಿದ ಏಳು ಬಿಡುವಾಗಿದ್ದರೂ ಅದೊಂದು ತಡವಾದರೆ ಸದ್ದು ಒಡೆಯುತ್ತದೆ.

ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಟ್ರ್ಯಾಕ್‌ನಲ್ಲಿ ಪ್ಲಗಿನ್ ಪೇರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೇರೆ ಟ್ರ್ಯಾಕ್‌ಗಳೆಲ್ಲ ಮುಗಿಯುವವರೆಗೂ ಅದು ಕಾಯಬೇಕು. ರೆಕಾರ್ಡಿಂಗ್ ಹೊತ್ತಿಗೆ ಆ ಪ್ಲಗಿನ್‌ಗಳನ್ನು ಆಫ್ ಮಾಡಿ, ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ (ಅಂದರೆ ಪ್ಲಗಿನ್ ಪರಿಣಾಮ ಸಮೇತ ಸಿದ್ಧ ಆಡಿಯೋ ಆಗಿ ಉಳಿಸಿ). ಮಿಕ್ಸಿಂಗ್‌ನಲ್ಲಿ ಸದ್ದು ತುಸು ತಡವಾಗಿ ಕೇಳಿದರೂ ತೊಂದರೆಯಿಲ್ಲ, ಹಾಗಾಗಿ ಬಫರ್ 1024 ಸ್ಯಾಂಪಲ್ ಇದ್ದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಪವರ್ ಪ್ಲಾನ್ ಅನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ. ಲಿನಕ್ಸ್‌ನವರು ಆಡಿಯೋ ಥ್ರೆಡ್‌ಗೆ (ಸದ್ದಿನ ಕೆಲಸ ನಡೆಸುವ ಎಳೆಗೆ) ರಿಯಲ್‌ಟೈಮ್ ಆದ್ಯತೆ, ಅಂದರೆ ಬೇರೆ ಕೆಲಸಗಳಿಗಿಂತ ಮೊದಲ ಸರದಿ, ಸಿಕ್ಕಿದೆಯೇ ನೋಡಿ. ಇಷ್ಟನ್ನೂ ಪರೀಕ್ಷಿಸದೆ ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಸುರಿಯಬೇಡಿ, ದಯವಿಟ್ಟು.